ಕಣ್ಣಿರುವ ಕರೆಂಟ್ ಗಾಡಿ

ಜನವರಿ ೧೯, ಸೋಮವಾರ

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ತಿಕೋಟಾ ರಸ್ತೆಯಲ್ಲಿ ಹೊಸ ಗಾಡಿಯಲ್ಲಿ ಹೊರಟಿದ್ದೇವೆ. ಗಾಡಿಗೆ ಸದ್ದೇ ಇಲ್ಲ. ನಾನು ಎಂದಿನಂತೆ ಮುಂದಿನ ಸೀಟಿನಲ್ಲಿ ಕೂತು "ಎಮ್ಮಿ ಬಂತು, ಎಮ್ಮಿ ಬಂತು" ಎಂದು ಕೂಗುತ್ತಿದ್ದೇನೆ, ಬಾಯಿಂದ ದನಿಯೇ ಹೊರಡುತ್ತಿಲ್ಲ. ಹೊರಳಿ ನೋಡಿದರೆ ಡ್ರೈವರ್ ಸೀಟಿನಲ್ಲಿ ಯಾರೂ ಇಲ್ಲ. ಸ್ಟೇರಿಂಗ್ ತಾನೇ ತಿರುಗುತ್ತಿದೆ. ಎದ್ದಾಗ ಕುಪ್ಪಸ ಬೆನ್ನಿಗೆ ಅಂಟಿಕೊಂಡಿತ್ತು.

ಚಹಾ ಕೊಡುವಾಗ ನಮ್ಮವರಿಗೆ ಹೇಳಿದೆ. "ಗಾಡಿ ಯಾವ ಬಣ್ಣದ್ದಿತ್ತು?" ಎಂದು ಕೇಳಿದರು. ಇಂಥ ಕನಸು ಕೇಳಿ ಬಣ್ಣ ಕೇಳುವವರು ಇವರೊಬ್ಬರೇ ಇರಬೇಕು.

ಈ ನೋಟುಬುಕ್ಕು ಮಗಳು ನಿಖತ ಕೊಟ್ಟದ್ದು, ಅರ್ಧ ಖಾಲಿ ಉಳಿದಿತ್ತು. "ತಲ್ಯಾಗಿನದೆಲ್ಲಾ ನನ್ನ ಮುಂದ ಸುರಿಬ್ಯಾಡ ಅಮ್ಮಿ, ಪಿಯುಸಿ ಪರೀಕ್ಷಾ ಅದ ನಂದು. ಇದರಾಗ ಬರಿ," ಅಂದಳು. ನಾನು ಮಮದಾಪುರದಿಂದ ಬಬಲೇಶ್ವರಕ್ಕೆ ಬಸ್ಸಿನಲ್ಲಿ ಹೋಗಿ ಕನ್ನಡ ಸಾಲಿ ಕಲಿತವಳು. ಏಳನೆಯದರ ನಡುವೆ ಬಿಡಿಸಿದರು. ತಪ್ಪಿದ್ದರೆ ಇರಲಿ, ಓದುವವರು ಯಾರಿದ್ದಾರೆ.

ಚಿಂತೆ ಏನೆಂದರೆ, ನಮ್ಮವರು ಹಳೆಯ ಡೀಸೆಲ್ ಗಾಡಿ ಕೊಟ್ಟು ಕರೆಂಟ್ ಗಾಡಿ ತೆಗೆದುಕೊಳ್ಳುವ ಹಟ ಹಿಡಿದಿದ್ದಾರೆ. ಎತ್ತರದ ದೊಡ್ಡ ಗಾಡಿ. ಮೊದಲೇ ಬಂದದ್ದಂತೆ, ಈಗ ಮುಖ ಬದಲಿಸಿ, ಬ್ಯಾಟರಿ ದೊಡ್ಡದು ಮಾಡಿ, ಸುತ್ತ ಕ್ಯಾಮೆರಾ ಕೂಡಿಸಿ ಮತ್ತೆ ಬಿಟ್ಟಿದ್ದಾರೆ. ಇವರದು ಒಣದ್ರಾಕ್ಷಿ ವ್ಯಾಪಾರ. ತಿಕೋಟಾ ಕಡೆಯ ಶೆಡ್ಡುಗಳಲ್ಲಿ ಮಾಲು ಹಿಡಿದು ವಿಜಯಪುರದ ಅಂಗಡಿಗಳಿಗೆ ಕೊಡುತ್ತಾರೆ. ಅದಕ್ಕೆ ಈ ಗಾಡಿ ಯಾಕೆ ಬೇಕು? ಇಬ್ರಾಹಿಂಪುರದ ನಮ್ಮ ಓಣಿಯಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗದು. ಏಪ್ರಿಲ್ ಬಿಸಿಲಿಗೆ ಬ್ಯಾಟರಿ ಹೊತ್ತಿಕೊಂಡರೆ? ಕನಮಡಿಗೆ ಹೋದಾಗ ಚಾರ್ಜು ಮುಗಿದರೆ ಯಾರ ಮನೆಯ ಪ್ಲಗ್ಗು ಹುಡುಕುವುದು? ಗಾಡಿ ಸದ್ದಿಲ್ಲದೆ ಬಂದರೆ ಓಣಿಯ ಕೂಸುಗಳಿಗೆ ಗೊತ್ತಾಗುವುದು ಹೇಗೆ?

ಜನವರಿ ೨೨, ಗುರುವಾರ

ಶೋರೂಮಿಗೆ ಹೋಗಿ ಬಂದೆವು. ಸುಮಂಗಲಾ ಎಂಬ ಹುಡುಗಿ ಗಾಡಿ ತೋರಿಸಿದಳು. ಎತ್ತರದ ಹುಡುಗಿ, ನಗುಮುಖ. ಬಿಟ್ಟರೆ ಸಿಗಲಿಕ್ಕಿಲ್ಲ ಎಂದು ಎಲ್ಲ ಕೇಳಿದೆ.

"ಮಳ್ಯಾಗ ಚಾರ್ಜಿಗೆ ಹಚ್ಚಿದ್ರ ಶಾಕ್ ಹೊಡಿಯಂಗಿಲ್ಲೇನವ್ವಾ?"

"ಇಲ್ರಿ ಆಂಟಿ."

"ಕೋಳಿ ಬಂದು ವಾಯರ್ ಕುಕ್ಕಿದ್ರ?"

"ಕೋಳಿದು ನಮಗ ಟ್ರೇನಿಂಗಿನಾಗ ಹೇಳಿಕೊಟ್ಟಿಲ್ರಿ," ಅಂದಳು. ನಿಖತ ಮುಖ ಮುಚ್ಚಿಕೊಂಡು ಹೊರಗೆ ಹೋದಳು.

ಇವರು ಮಾತ್ರ ಬ್ಯಾಟರಿಯ ಬಗ್ಗೆ ಒಂದು ಮಾತು ಕೇಳಲಿಲ್ಲ. ಕ್ಯಾಮೆರಾದ ಹತ್ತಿರವೇ ನಿಂತರು. "ಮುಂದ ಎತ್ತು ಬಂದ್ರ ಗೊತ್ತಾಗತದೇನು ಇದಕ್ಕ? ಮಂದಿ ಬಂದ್ರ? ಎಡಕ್ಕ ಯಾರರೆ ನುಗ್ಗಿದ್ರ ಒದರತದೇನು?" ಸುಮಂಗಲಾ ಹೌದೆಂದಂತೆಲ್ಲ ಇವರ ಮುಖ ಅರಳುತ್ತಿತ್ತು. ಬಾನೆಟ್ಟನ್ನು ಕುದುರೆಯ ಬೆನ್ನಿನಂತೆ ಸವರಿ, "ಇದಕ್ಕ ಕಣ್ಣ ಅದಾವ ಮುನೀರಾ!" ಅಂದರು.

ಮುಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿದರು. ಗಿಡ್ಡ ಇದ್ದೇನಲ್ಲ, ಕುತ್ತಿಗೆ ಚಾಚಿದರೂ ಎದುರಿನ ನೆಲ ಕಾಣಲಿಲ್ಲ. ಕಣ್ಣು ಗಾಡಿಗೆ ಇದ್ದರೆ ಸಾಕೇ? ನನಗೂ ಕಾಣಬೇಕಲ್ಲ.

ಜನವರಿ ೨೫, ಭಾನುವಾರ

ಇವರ ಜೊತೆ ತಿಕೋಟಾಕ್ಕೆ ಹೋಗಿ ಬಂದೆ. ಮೊದಲು ನನ್ನನ್ನು ಅಪರೂಪಕ್ಕೆ ಕರೆದೊಯ್ಯುತ್ತಿದ್ದ ಮನುಷ್ಯ, ಈಗೊಂದು ವರ್ಷದಿಂದ ಎಲ್ಲಿಗೆ ಹೊರಟರೂ "ನೀನೂ ಬಾ" ಅನ್ನುತ್ತಾರೆ. ಓಣಿಯ ಹೆಂಗಸರು ಚೇಷ್ಟೆ ಮಾಡುತ್ತಾರೆ. ಮಾಡಲಿ. ನಾನೂ ಒಳ್ಳೆಯ ಸೀರೆ ಉಟ್ಟೇ ಹೋಗುತ್ತೇನೆ.

ದಾರಿಯಲ್ಲಿ ನನ್ನ ಬಾಯಿ ಸುಮ್ಮನಿರುವುದಿಲ್ಲ. ಜೀವ ಹಾರುತ್ತದೆ. ಹಂಪು ಬಂತು, ನಾಯಿ ಬಂತು, ಬೈಕು ಅಡ್ಡ ಬಂತು, ಎಡಕ್ಕೆ ಮುದುಕ ನಿಂತಿದ್ದಾನೆ. ಮೊದಲೆಲ್ಲ "ಬಾಯಿ ಮುಚ್ಚತೀಯೋ, ಇಳಿಸಿ ಹೋಗಲೋ" ಅನ್ನುತ್ತಿದ್ದರು. ಈಗ ಅನ್ನುವುದಿಲ್ಲ. ವಯಸ್ಸಾದಂತೆ ಗಂಡಸರು ಮೆತ್ತಗಾಗುತ್ತಾರೆ.

ಹಿಂದೆ ಕೂತ ನಿಖತ ಮಾತ್ರ, "ಅಮ್ಮಿ, ನಿನ್ನ ಕಾಮೆಂಟ್ರಿ ಮುಗೀತೇನು? ಟೆಸ್ಟ್ ಡ್ರೈವ್ ದಿನ ಆ ಶೋರೂಮಿನಾಕಿ ಮುಂದ ಹಿಂಗ ಮಾಡಿಗೀಡಿ. ನಮ್ಮ ಮರ್ಯಾದಿ ಹೋಗತದ," ಅಂದಳು. ಆಯಿತು, ಅವತ್ತು ತುಟಿ ಬಿಚ್ಚುವುದಿಲ್ಲ ಎಂದೆ.

ಇನ್ನೊಂದು ಚಿಂತೆ. ರಮಜಾನಿಗೆಂದು ಅಂಗಡಿಯವರಿಗೆ ಕೊಟ್ಟ ಹಸಿರು ಮಾಲು ವಾಪಸು ಬಂತು. ಬಿಚ್ಚಿ ನೋಡಿದರೆ ಹೋದ ವರ್ಷದ್ದು, ಕಂದು ಹತ್ತಿದ ದ್ರಾಕ್ಷಿ. ಒಂದು ಮುಷ್ಟಿ ಹಿಡಿದು ಬಾಗಿಲ ಬೆಳಕಿಗೆ ಒಡ್ಡಿ, ಇದು ಯಾರ ತೋಟದ್ದು, ಎಷ್ಟು ದಿನ ಒಣಗಿದ್ದು ಎಂದು ಹೇಳುತ್ತಿದ್ದ ಮನುಷ್ಯ ಇವರು. ಈಚೆಗೆ ಬೆಳಕಿಗೆ ಒಡ್ಡುವುದನ್ನೇ ಬಿಟ್ಟಿದ್ದಾರೆ. ಎರಡು ಕಾಳು ಬಾಯಿಗೆ ಹಾಕಿಕೊಂಡು "ಚಲೋ ಅದ" ಅಂದುಬಿಡುತ್ತಾರೆ. ತಲೆ ತುಂಬಾ ಆ ಗಾಡಿಯೇ ಇರಬೇಕು.

ಜನವರಿ ೨೮, ಬುಧವಾರ

ಟೆಸ್ಟ್ ಡ್ರೈವ್ ಆಯಿತು. ಯಾರಿಗೂ ಏನೂ ಆಗಿಲ್ಲ. ಅಕ್ಷರ ಕೂಡುತ್ತಿಲ್ಲ. ನಾಳೆ ಬರೆಯುತ್ತೇನೆ.

ಜನವರಿ ೨೯, ಗುರುವಾರ

ಇವರು ಓಡಿಸುತ್ತಿದ್ದರು. ಪಕ್ಕದಲ್ಲಿ ಸುಮಂಗಲಾ, ಹಿಂದೆ ನಾನು ಮತ್ತು ನಿಖತ. ಊರು ದಾಟುವವರೆಗೆ ಇರುವೆಯಂತೆ ಹೋದರು. ತಿಕೋಟಾ ರಸ್ತೆ ಖಾಲಿ ಸಿಕ್ಕೊಡನೆ ಬಿಟ್ಟರು. ಕೊಟ್ಟ ಮಾತಿನಂತೆ ನಾನು ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದೆ.

ದೂರದಲ್ಲಿ ಕಬ್ಬಿನ ಟ್ರ್ಯಾಕ್ಟರು ನಿಂತಿತ್ತು. ಹಿಂದೆ ಎರಡು ಟ್ರೇಲರು, ಕಬ್ಬಿನ ಸೋಗೆ ರಸ್ತೆಯ ಮೇಲೆ ಜೋತುಬಿದ್ದಿತ್ತು. ಈಗ ನಿಧಾನ ಮಾಡುತ್ತಾರೆ ಅಂದುಕೊಂಡೆ. ಮಾಡಲಿಲ್ಲ. ಸುಮಂಗಲಾ ಬಗ್ಗಿ ಪರದೆಯ ಮೇಲೆ ಏನೋ ತೋರಿಸುತ್ತಿದ್ದಳು. ಕಬ್ಬಿನ ಗಣಿಕೆಗಳು ಒಂದೊಂದೇ ಕಾಣುವಷ್ಟು ಹತ್ತಿರ ಬಂತು. ಗಾಡಿ ಕುಂಯ್ ಕುಂಯ್ ಎಂದು ಒದರಿತು. ಆಮೇಲೆ ಯಾರೋ ಹಿಂದಿನಿಂದ ಹಗ್ಗ ಹಾಕಿ ಜಗ್ಗಿದ ಹಾಗೆ ತಾನೇ ನಿಂತಿತು. ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ನಿಖತ "ಅಬ್ಬಾ!" ಎಂದು ಚೀರಿದಳು.

ಇವರು ನಕ್ಕರು. ಸ್ಟೇರಿಂಗ್ ಬಡಿದು ಬಡಿದು ನಕ್ಕರು. "ನೋಡಿದಿಲ್ಲೋ! ತಾನ ನಿಂತಿತು! ಹೇಳಿದ್ನಿಲ್ಲೋ, ಕಣ್ಣ ಅದಾವ ಅಂತ!"

ಸುಮಂಗಲಾಳ ತುಟಿ ಬಿಳಿಚಿತ್ತು. "ಸಾಹೇಬ್ರ, ಅದು ಕಟ್ಟಕಡೀಕ ಮಾಡೂದ್ರಿ. ಒಮ್ಮೊಮ್ಮೆ ಮಾಡಂಗೂ ಇಲ್ರಿ. ನೋಡೂದು ನೀವ ನೋಡಬೇಕ್ರಿ," ಅಂದಳು. ವಾಪಸು ಬರುವಾಗ ತಾನೇ ಓಡಿಸಿದಳು.

ನನಗೆ ಟ್ರ್ಯಾಕ್ಟರಿಗಿಂತ ಕನ್ನಡಿಯಲ್ಲಿ ಕಂಡ ಇವರ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಎದುರಿಗೆ ನಿಂತ ಟ್ರೇಲರು ಹತ್ತಿರವಾಗುತ್ತಿದ್ದರೂ ಆ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಹೊಲ ನೋಡುತ್ತಾ ಹೋಗುವವರ ಹಾಗೆ ಇತ್ತು. ಯಂತ್ರವನ್ನು ಇಷ್ಟು ನಂಬುವುದೇ? ಮನುಷ್ಯನಿಗೆ ಮತಿಗೆಟ್ಟಿದೆ. ಈ ಗಾಡಿ ಬೇಡ, ಬೇಡವೇ ಬೇಡ.

ಜನವರಿ ೩೧, ಶನಿವಾರ

ಯಾ ಅಲ್ಲಾ. ಹೇಗೆ ಬರೆಯಲಿ.

ಹಳೆಯ ಗಾಡಿಯಲ್ಲಿ ತಿಕೋಟಾಕ್ಕೆ ಹೊರಟಿದ್ದೆವು, ಪರಮೇಶ್ವರನ ದ್ರಾಕ್ಷಿ ಶೆಡ್ಡಿಗೆ. ನಾನು ಸಿಟ್ಟಿನಲ್ಲಿದ್ದೆ. ನಕ್ಕರಲ್ಲ ಎಂಬ ಸಿಟ್ಟು. ಊರಿಂದ ಹೊರಟಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಇವರು ಬಹಳ ನಿಧಾನ ಓಡಿಸುತ್ತಿದ್ದರು, ಹಿಂದಿನವರೆಲ್ಲ ಹಾರ್ನು ಹೊಡೆದು ಬೈದು ಹೋದರು. ತಿಕೋಟಾ ದಾಟಿ ತೋಟಗಳ ನಡುವಿನ ಮಣ್ಣಿನ ದಾರಿಗೆ ಹೊರಳಿದ ಮೇಲೆ ಇನ್ನೂ ನಿಧಾನ ಮಾಡಿ, ನಡುದಾರಿಯಲ್ಲೇ ನಿಲ್ಲಿಸಿದರು.

"ಯಾಕ ನಿಂದ್ರಸಿದ್ರಿ?"

"ನೀ ಯಾಕ ಸುಮ್ಮ ಕುಂತಿ?"

"ಅಪ್ಪ ಮಗಳು ಕೂಡಿ ನಗತೀರಲ್ಲ, ಅದಕ್ಕ."

"ಮಾತಾಡ."

"ಏನ್ ಮಾತಾಡ್ಲಿ?"

ಸ್ಟೇರಿಂಗ್ ಮೇಲಿನ ಕೈ ತೆಗೆಯಲಿಲ್ಲ. ನನ್ನ ಕಡೆ ಹೊರಳಲಿಲ್ಲ. "ದಾರಿ ಹೇಳಬೇ," ಅಂದರು.

ಚೇಷ್ಟೆ ಅಂದುಕೊಂಡೆ. ಮುಂದೆ ನೋಡಿದೆ. ದಾರಿಯ ನಟ್ಟನಡುವೆ ಒಬ್ಬ ಮುದುಕಿ ಎರಡು ಆಡು ಹಿಡಿದು ನಿಂತಿದ್ದಳು. ಇವರನ್ನೇ ಕೇಳಿದೆ.

"ಮುಂದ ಏನದ, ಹೇಳ್ರಿ."

"ದಾರಿ ಅದ."

"ಮತ್ತ?"

ಕಣ್ಣು ಕಿರಿದು ಮಾಡಿ, "ಬಿಸಲ ಅದ," ಅಂದರು.

ಮುದುಕಿ ಆಡುಗಳನ್ನು ಎಳೆದುಕೊಂಡು ನನ್ನ ಕಿಟಕಿಯ ಹತ್ತಿರ ಬಂದು, "ಏನ್ರವ್ವಾ ಹಂಗ ನೋಡತೀರಿ, ಆಡ ನೋಡಿಲ್ಲೇನು ಯಾವತ್ತೂ?" ಎಂದು ಗೊಣಗಿ ಹೋದಳು. ಅವಳ ದನಿ ಕೇಳಿದಾಗಲೇ ಇವರು ಬೆಚ್ಚಿ ಆ ಕಡೆ ತಿರುಗಿದ್ದು.

"ವರ್ಷ ಆತು," ಅಂದರು. "ಎಡಗಣ್ಣ ಪೂರಾ ಹೋಗೇದ. ಬಲಗಣ್ಣಿನಾಗ ನಟ್ಟನಡುವ ಹೊಗಿ ಕುಂತಂಗ. ಶುಗರ್ ಕಣ್ಣಿಗಿ ಇಳದದ ಅಂತ ಸೊಲ್ಲಾಪುರದ ಡಾಕ್ಟರ್ ಹೇಳಿದ್ದ. ಮಂದಿಗಿ ಗೊತ್ತಾದ್ರ ಕಣ್ಣಿಲ್ಲದವನ ಕೈಯಾಗ ದ್ರಾಕ್ಷಿ ಯಾರ ಕೊಡತಾರ? ನೀ ಎಮ್ಮಿ ಅಂದ್ರ ಬ್ರೇಕ್ ಒತ್ತತೇನಿ. ಎಡಕ್ಕ ಮುದುಕ ಅಂದ್ರ ಬಲಕ್ಕ ಹೊಳ್ಳಸತೇನಿ. ಹಂಗ ನಡಸೀನಿ. ನೀ ಯಾವತ್ತೂ ಸುಮ್ಮನಾಗಾಕಿ ಅಲ್ಲ ಅಂತ ಧೈರ್ಯ ಇತ್ತು."

"ಮತ್ತ ಕರೆಂಟ್ ಗಾಡಿ?"

"ಅದಕ್ಕ ಕಣ್ಣ ಅದಾವಲ್ಲ. ನಿನಗ ತ್ರಾಸ ಆಗಬಾರದಂತ..."

"ಎಡಕ್ಕ ತಗೋರಿ. ಇನ್ನ. ಇನ್ನ ಸ್ವಲ್ಪ. ಸಾಕು," ಎಂದು ಗಾಡಿಯನ್ನು ಬದಿಗೆ ತೆಗೆಸಿದೆ. ಚಾವಿ ಕಿತ್ತು ಕುಪ್ಪಸದೊಳಗೆ ಇಟ್ಟುಕೊಂಡೆ. ಶೆಡ್ಡಿನವರೆಗೆ ನಡೆದು ಹೋದೆವು. ಪರಮೇಶ್ವರ, "ಗಾಡಿ ಕೆಟ್ಟದೇನ್ರಿ ಸಾಹೇಬ್ರ?" ಎಂದು ಕೇಳಿದ. "ಹೂಂ, ಕೆಟ್ಟದ," ಅಂದೆ. ತಿಕೋಟಾದಲ್ಲಿ ಬಸ್ಸಿನ ಬೋರ್ಡು ನಾನೇ ಓದಿ ಇವರನ್ನು ಹತ್ತಿಸಿದೆ.

ಫೆಬ್ರವರಿ ೧, ಭಾನುವಾರ

ಒಂದು ವರ್ಷ. ಸೊಲ್ಲಾಪುರಕ್ಕೆ ಮದುವೆಗೆ ಹೋಗಿದ್ದೆವಲ್ಲ, ನಿಖತಳನ್ನು ಕೂರಿಸಿಕೊಂಡು. ಆ ಲಾರಿಗಳು. ತಿಡಗುಂದಿ ದಾಟಿದ ಮೇಲೆ ನನಗೆ ಜೋಂಪು ಹತ್ತಿತ್ತು. "ಏಳ, ಮಾತಾಡ, ಬ್ಯಾಸರಾಗತದ," ಎಂದು ತೊಡೆ ತಟ್ಟಿ ಎಬ್ಬಿಸಿದ್ದರು. ನಾನು ಎಷ್ಟು ಹೊತ್ತು ಮಲಗಿದ್ದೆ?

ಅನ್ನ ಸೇರಲಿಲ್ಲ.

ಫೆಬ್ರವರಿ ೩, ಮಂಗಳವಾರ

ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆವು. ನಿಖತ ರಿಕ್ಷಾ ತಂದಳು. ಎಡಗಣ್ಣು ಇನ್ನು ಬರುವುದಿಲ್ಲ. ಬಲಗಣ್ಣಿಗೆ ಲೇಸರ್ ಮಾಡಿ, ಇಂಜೆಕ್ಷನ್ ಕೊಟ್ಟು, ಇದ್ದಷ್ಟನ್ನು ಉಳಿಸಿಕೊಳ್ಳಬಹುದು. ಕಣ್ಣಿಗೇ ಇಂಜೆಕ್ಷನ್ನು! ಕೇಳಿದ ನನಗೆ ತಲೆ ಸುತ್ತಿ ಅಲ್ಲಿಯ ನರ್ಸು ನೀರು ಕುಡಿಸಿದಳು. ರೋಗಿ ಯಾರು ಎಂದು ಕೇಳಿದಳಂತೆ.

ಡಾಕ್ಟರು, "ಗಾಡಿಗೀಡಿ ಹೊಡಿಯಾಕತ್ತಿಲ್ಲಲ್ರಿ?" ಎಂದು ಕೇಳಿದರು.

"ಇಲ್ರಿ ಸರ, ಬಿಟ್ಟೀನಿ," ಅಂದರು ನಮ್ಮವರು. ಬಿಟ್ಟು ಮೂರು ದಿನವಾಗಿದೆ ಎಂದು ನಾನು ಹೇಳಲಿಲ್ಲ.

ಫೆಬ್ರವರಿ ೫, ಗುರುವಾರ

ಕಪಾಟು ತೆಗೆದಾಗ ಆ ಸೀರೆಗಳು ಕಣ್ಣಿಗೆ ಬಿದ್ದವು. ಹಸಿರು ಅಂಚಿನದು, ಬೆಂಡೆಹೂವಿನ ಬಣ್ಣದ್ದು. ತಿಕೋಟಾಕ್ಕೆ, ಬಬಲೇಶ್ವರಕ್ಕೆ, ದ್ರಾಕ್ಷಿ ಶೆಡ್ಡಿನ ದೂಳಿಗೆ ಇವನ್ನು ಉಟ್ಟುಕೊಂಡು ಹೋಗಿದ್ದೆ. ನೋಡಲು ಆಗದವರ ಪಕ್ಕದಲ್ಲಿ ಕೂತು. ನಾಚಿಕೆಯಾಯಿತು. ಸಿಟ್ಟೂ ಬಂತು. ತಡೆಯದೆ ಕೇಳಿಬಿಟ್ಟೆ.

"ಕಣ್ಣ ಬೇಕಾಗಿತ್ತಂತ ನನ್ನ ಕರಕೊಂಡು ಹೋಗತಿದ್ರೇನು?"

ಇವರು ಬಾಗಿಲ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಸುಳ್ಳು ಹೇಳಲಿಲ್ಲ. "ಮೊದಲ ಅದಕ್ಕ," ಅಂದರು. "ಆಮ್ಯಾಲ ಆಮ್ಯಾಲ, ಒಬ್ಬನ ಎಲ್ಲಿಗರೆ ನಡಕೊಂಡ ಹೋದಾಗೂ ಬ್ಯಾಸರಾಗಾಕತ್ತು. ಎಮ್ಮಿ ಬಂತು ಅನ್ನವರ ಇಲ್ಲ, ಏನಿಲ್ಲ."

ನಿಖತ ಒಳಗಿಂದ, "ಅಬ್ಬಾ, ಇದು ನಿಮ್ಮ ಲವ್ ಸ್ಟೋರಿ ಏನು?" ಅಂದಳು. ಮೊನ್ನೆಯಿಂದ ಆ ಹುಡುಗಿ ನನ್ನನ್ನು ನಗಿಸಲು ನೋಡುತ್ತಿದ್ದಾಳೆ. ಕಾಮೆಂಟ್ರಿ ಎಂಬ ಮಾತನ್ನು ಮತ್ತೆ ಎತ್ತಿಲ್ಲ.

ಫೆಬ್ರವರಿ ೮, ಭಾನುವಾರ

ಮಮದಾಪುರಕ್ಕೆ ಬಂದಿದ್ದೇವೆ. ಬಬಲೇಶ್ವರದಲ್ಲಿ ಬಸ್ಸು ಬದಲಿಸುವಾಗ ಇವರ ತೋಳು ಹಿಡಿದಿದ್ದೆ. ಜನ ನೋಡಿದರು. ನನ್ನ ತಮ್ಮ ಉಮರ ನಮ್ಮ ಗಾಡಿಯನ್ನು ತಿಕೋಟಾದಿಂದ ಇಲ್ಲಿಗೆ ತಂದಿಟ್ಟಿದ್ದಾನೆ. ಗಾಡಿಗೆ ಗಿರಾಕಿ ನೋಡು ಎಂದು ಅವನಿಗೆ ಹೇಳಲು ನಾವು ಬಂದದ್ದು.

ಕೆರೆಯ ಹಿಂದಿನ ಬಯಲಿಗೆ ಗಾಡಿ ಒಯ್ದಿದ್ದ. ಸುಮ್ಮನೆ ಕೂತು ನೋಡಿದೆ, ಅಷ್ಟೆ. ಡ್ರೈವರ್ ಸೀಟಿನಲ್ಲಿ ಕೂತರೆ ಆಕಾಶ ಬಿಟ್ಟು ಏನೂ ಕಾಣಲಿಲ್ಲ. ಉಮರ ಮನೆಯಿಂದ ಕೌದಿ ತಂದು ಮಡಿಸಿ ಹಾಕಿದ. ಆಗ ನೆಲ ಕಂಡಿತು, ಕಾಲು ಎಟುಕದಾಯಿತು. ಕ್ಲಚ್ಚು ಬಿಟ್ಟೊಡನೆ ಗಾಡಿ ಆಡಿನ ಮರಿಯಂತೆ ಜಿಗಿದು ಸತ್ತಿತು. ಮತ್ತೆ ಜಿಗಿಯಿತು. ಮತ್ತೆ ಸತ್ತಿತು. ನಾನು ಅಳುವ ಹಾಗಾದೆ.

"ಕರೆಂಟ್ ಗಾಡ್ಯಾಗ ಈ ಕ್ಲಚ್ಚ ಇರಂಗಿಲ್ಲ ಆಪಾ," ಅಂದ ಉಮರ. "ಒತ್ತಿದ್ರ ಹೋಗತದ, ಬಿಟ್ರ ನಿಂದರತದ."

ಕೊನೆಗೊಮ್ಮೆ ಹೋಯಿತು. ಬಯಲಿನ ಆ ತುದಿಯವರೆಗೆ. ಕಲ್ಲು ಬಂತು, ತಗ್ಗು ಬಂತು, ಕುರಿ ಬಂತು, ಆ ಕುರಿಯ ತಾಯಿಯೂ ಬಂತು. ಉಮರ ನಕ್ಕು ನಕ್ಕು ಬಾಗಿಲು ಹಿಡಿದುಕೊಂಡ. "ಗಾಡಿ ಕಲಿಯಾಕತ್ತೀಯೋ, ಕುರಿ ಕಾಯಾಕತ್ತೀಯೋ? ಕಂಡದ್ದಕ್ಕೆಲ್ಲಾ ಹೆಸರ ಹಚ್ಚಿ ಕರಿಯಾಕತ್ತೀ."

ಹಿಂದಿನ ಸೀಟಿನಿಂದ ಇವರು, "ಕರೀಲಿ ಬಿಡ. ಅದ ಬೇಕಾದದ್ದು," ಅಂದರು.

ಬೆನ್ನು ನೋಯುತ್ತಿದೆ. ಇನ್ನು ಮೇಲೆ ಇಂಥ ಹುಚ್ಚಾಟ ಸಾಕು.

ಫೆಬ್ರವರಿ ೧೧, ಬುಧವಾರ

ಕಲಿಯುವವರ ಲೈಸೆನ್ಸಿಗೆ ಫೋಟೊ ತೆಗೆಸಿದೆ. ನಿಖತ ಇರಲಿ ಎಂದಳು, ತೆಗೆಸಿದೆ. ಫೋಟೊದಲ್ಲಿ ಕಳ್ಳಿಯ ಹಾಗೆ ಕಾಣುತ್ತೇನೆ.

ಇವರ ಜೊತೆ ಬಸ್ಸಿನಲ್ಲಿ ತಿಕೋಟಾಕ್ಕೆ ಹೋಗಿದ್ದೆ. ಪರಮೇಶ್ವರ ಒಂದು ಮುಷ್ಟಿ ಮಾಲು ಕೊಟ್ಟ. ಇವರು ಎರಡು ಕಾಳು ಅಗಿದರು. ನಾನು ಬಾಗಿಲಿಗೆ ಒಯ್ದು ನೋಡಿ, "ಮ್ಯಾಲಿಂದು ಹಸರ ಅದ, ತಳದ್ದು ಕಂದ ಹೊಡದದ ನೋಡ್ರಿ," ಅಂದೆ. ಬಾಯಿ ತಪ್ಪಿ ಬಂದುಬಿಟ್ಟಿತು. ಪರಮೇಶ್ವರ ನನ್ನ ಮುಖ ನೋಡಿದ, ಇವರ ಮುಖ ನೋಡಿದ. ಇವರೇ ಹೇಳಿಬಿಟ್ಟರು, "ನನಗ ಕಣ್ಣ ಕಮ್ಮಿ ಆಗ್ಯಾವಪಾ. ಇನ್ನ ಮ್ಯಾಲ ಇಕೀನ ನೋಡಾಕಿ. ರುಚಿ ಅಷ್ಟ ನಂದು."

ವರ್ಷವಿಡೀ ಮುಚ್ಚಿಟ್ಟದ್ದನ್ನು ಹೀಗೆ ನಿಂತ ನಿಲುವಿನಲ್ಲಿ! ಪರಮೇಶ್ವರ ಚೀಲ ಕಟ್ಟಿಟ್ಟು ಬೇರೆ ಚೀಲ ತಂದ. "ಇದನ್ನ ನೋಡ್ರಿ ಅಕ್ಕಾರ," ಎಂದು ನನ್ನ ಮುಂದೆ ಬಿಚ್ಚಿದ.

ವಾಪಸು ಬಸ್ಸಿಗೆ ಬಹಳ ಹೊತ್ತು ನಿಂತೆವು. ಚೀಲ ಮೇಲೇರಿಸಲು ಕಂಡಕ್ಟರನ ಬಾಯಿ ಕೇಳಬೇಕಾಯಿತು.

ಫೆಬ್ರವರಿ ೧೪, ಶನಿವಾರ

ಇನ್ನು ನಾಲ್ಕೈದು ದಿನಕ್ಕೆ ರಮಜಾನು. ಅಂಗಡಿಗಳಿಗೆ ಮಾಲು ಮುಟ್ಟಿಸುವುದು ಹೇಗೋ ಗೊತ್ತಿಲ್ಲ. ಮುಂದಿನ ವಾರ ಲೇಸರು. ಇವರು ಬೆಳಿಗ್ಗೆಯೇ, "ಆ ಶೋರೂಮಿನ ಹುಡುಗಿಗಿ ಫೋನ್ ಮಾಡಿ ಗಾಡಿ ಬ್ಯಾಡ ಅಂತ ಹೇಳಿಬಿಡ ಮುನೀರಾ. ಪಾಪ, ಹಾದಿ ನೋಡತಿರತಾಳ," ಅಂದರು. ಹೇಳುವಾಗ ಗೋಡೆ ಕಡೆ ತಿರುಗಿದ್ದರು.

ಹೇಳಿಬಿಡೋಣ ಎಂದೇ ಫೋನು ಹಚ್ಚಿದೆ. ಸುಮಂಗಲಾ ನನ್ನ ದನಿ ಗುರುತು ಹಿಡಿದು, "ಕೋಳಿದು ಕೇಳೀನ್ರಿ ಆಂಟಿ, ಏನೂ ಆಗಂಗಿಲ್ಲಂತ," ಅಂದಳು. ಅಷ್ಟು ನೆನಪಿಟ್ಟು ಕೇಳಿದ್ದಾಳಲ್ಲ ಎಂದು ತಕ್ಷಣ ಬೇಡ ಎನ್ನಲು ಬಾಯಿ ಬರಲಿಲ್ಲ. ಅದಕ್ಕೇ ಒಂದೆರಡು ಮಾತು ಕೇಳಿದೆ. ಮನೆಯಿಂದ ತಿಕೋಟಾ, ಕನಮಡಿ, ತಿರುಗಿ ಮನೆ. ಒಂದು ಚಾರ್ಜಿಗೆ ಆಗುತ್ತದೆಯೇ? ಆಗಿ ಇನ್ನೂ ಉಳಿಯುತ್ತದಂತೆ. ಕರೆಂಟು ಹೋದರೆ? ಬಂದಾಗ ಚಾರ್ಜು ತಾನೇ ಮತ್ತೆ ಏರುತ್ತದಂತೆ. ಕ್ಲಚ್ಚು? ಇಲ್ಲವೇ ಇಲ್ಲವಂತೆ. ಆ ಕುಂಯ್ ಕುಂಯ್ ಸದ್ದು ನನ್ನ ಬಾಯಿಗಿಂತ ಮೊದಲು ಬರುತ್ತದೋ, ಆಮೇಲೆ ಬರುತ್ತದೋ ಎಂದು ಕೇಳಿದೆ. ಅವಳಿಗೆ ತಿಳಿಯಲಿಲ್ಲ.

ಗೋಡೆ ಕಡೆ ತಿರುಗಿದ್ದವರು ಯಾವಾಗಲೋ ಈ ಕಡೆ ಹೊರಳಿದ್ದರು.

"ಡ್ರೈವರ್ ಸೀಟ ಮ್ಯಾಲ ಏರತದೇನವ್ವಾ?"

"ಏರತದ್ರಿ ಆಂಟಿ, ಹೊಸದ್ರಾಗ ಬಟನ್ ಅದ. ಸಾಹೇಬ್ರಿಗಿ ಅಷ್ಟ ಏರಸೂ ಜರೂರ ಇಲ್ರಿ, ಅವರು ಎತ್ತರ ಅದಾರಲ್ರಿ."

"ಸಾಹೇಬ್ರದಲ್ಲ. ಏರಿಸಿದ ಮ್ಯಾಲ ಕಾಲ ಬ್ರೇಕಿಗಿ ಎಟಕತದೇನು? ಕೌದಿ ಹಾಕದ ಬಾನೆಟ್ಟಿನ ಮುಂದಿಂದು ನೆಲ ಕಾಣತದೇನು?"

"ಕಾಣತದ್ರಿ. ನಾ ಕುಂತ ನೋಡೀನಲ್ರಿ."

"ನೀ ತೆಂಗಿನ ಗಿಡದಂಗ ಅದಿ ನನ್ನವ್ವಾ, ನಿನಗ ಕಾಣಲಾರದೇನ ಮಾಡತದ? ನಿಮ್ಮಲ್ಲಿ ನನ್ನಷ್ಟು ಗಿಡ್ಡನಾಕಿ ಯಾರರೆ ಇದ್ರ ಆಕೀನ ಕುಂಡ್ರಿಸಿ, ಇನ್ನೊಮ್ಮಿ ನೋಡಿ ಹೇಳವ್ವಾ."